ಊರಿನ ಚರಿತ್ರೆಗೆ, ಹಳೆಯ ಕಾಲದ ಕಾದಂಬರಿಗೆ ಆಕರ ಹುಡುಕುವ ಕ್ರಮ: ಲೇಖಕರಿಗೊಂದು ಸಮಗ್ರ ಮಾರ್ಗದರ್ಶಿ

ಊರಿನ, ಮನೆತನದ ಅಥವಾ ಒಂದು ಕೆರೆಯ ಚರಿತ್ರೆ ಬರೆಯಲು ಹೊರಟವರೂ, ಹಳೆಯ ಕಾಲದ ಹಿನ್ನೆಲೆಯಲ್ಲಿ ಕಾದಂಬರಿ ಬರೆಯುವವರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಚೀಲದ ತುಂಬ ಜೆರಾಕ್ಸ್ ಪ್ರತಿಗಳು, ಮೊಬೈಲಿನ ತುಂಬ ಫೋಟೋಗಳು. ಯಾವ ಹಾಳೆ ಯಾವ ಕಡತದ್ದು ಎಂದು ಕೇಳಿದರೆ ಉತ್ತರವಿಲ್ಲ. ವರ್ಷಗಳು ಉರುಳಿದರೂ ಮೊದಲ ಅಧ್ಯಾಯ ಶುರುವಾಗಿರುವುದಿಲ್ಲ. ಶುರುವಾಗಿ ಅಚ್ಚಾದರೂ, ಹೊಯ್ಸಳರ ಕಾಲದ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ ಹೇಗೆ ಬಂತು ಎಂದು ಓದುಗರೊಬ್ಬರು ಕಾಗದ ಬರೆಯುತ್ತಾರೆ.

ಇಂಥ ಹಸ್ತಪ್ರತಿಗಳನ್ನು ನೋಡುತ್ತ ಬಂದಂತೆ ನನಗೆ ಒಂದು ವಿಷಯ ಖಚಿತವಾಗಿದೆ. ಇವರು ಶ್ರಮದಲ್ಲಿ ಹಿಂದೆ ಬೀಳುವುದಿಲ್ಲ, ಸಾಮಗ್ರಿಯೂ ಕೊರತೆಯಾಗುವುದಿಲ್ಲ. ತಪ್ಪುವುದು ಕ್ರಮ. ಕಡೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡುತ್ತಾರೆ, ಮೊದಲು ಮಾಡಬೇಕಾದದ್ದನ್ನು ಮಾಡುವುದೇ ಇಲ್ಲ. ಹಾಗಾಗಿ ಈ ಬರಹದಲ್ಲಿ ಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಕಳೆದ ಎರಡು, ಎರಡೂವರೆ ಶತಮಾನಗಳ ಕನ್ನಡ ಸೀಮೆಯ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುವ ಹಂತಗಳಿವು.

## ಹಂತ 1: ವಿಷಯವನ್ನು ಪ್ರಶ್ನೆಗಳಾಗಿ ಒಡೆಯಿರಿ

"ನಮ್ಮೂರಿನ ಇತಿಹಾಸ" ಎನ್ನುವುದು ವಿಷಯ. ಅದನ್ನು ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋದರೆ ಅಲ್ಲಿರುವ ಎಲ್ಲವೂ ಬೇಕೆನಿಸುತ್ತದೆ. "1876–78ರ ಬರದ ನಂತರ ನಮ್ಮೂರ ಕೆರೆಯ ಕೆಳಗಿನ ಗದ್ದೆಗಳು ಯಾರ ಕೈಯಿಂದ ಯಾರ ಕೈಗೆ ಹೋದವು?" ಎನ್ನುವುದು ಪ್ರಶ್ನೆ. ಇದನ್ನು ಹಿಡಿದು ಹೋದವರಿಗೆ ಯಾವ ಕಪಾಟು ಬೇಕು, ಯಾವುದು ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

ಒಂದು ಹಾಳೆಯಲ್ಲಿ ಹತ್ತು ಹದಿನೈದು ಪ್ರಶ್ನೆಗಳನ್ನು ಬರೆಯಿರಿ. ಉತ್ತರ ಸಿಗದಿದ್ದರೆ ಪುಸ್ತಕವೇ ನಿಲ್ಲುವುದಿಲ್ಲ ಎನ್ನುವಂಥವನ್ನು ಮೇಲೆ ಇಡಿ. ಸಿಕ್ಕರೆ ಒಳ್ಳೆಯದು ಎನ್ನುವಂಥವು ಅದರ ಕೆಳಗೆ. ಕಾದಂಬರಿಕಾರರು ಇನ್ನೊಂದು ಗುಂಪು ಮಾಡಬೇಕು: ಉತ್ತರ ಸಿಗದಿದ್ದರೆ ಕಲ್ಪಿಸಿಕೊಳ್ಳಬಹುದಾದವು. ಕಲ್ಪನೆಗೆ ಬಿಟ್ಟ ಪ್ರಶ್ನೆಯ ಹಿಂದೆ ತಿಂಗಳುಗಟ್ಟಲೆ ಅಲೆಯುವ ಲೇಖಕರನ್ನು ಬೇಕಾದಷ್ಟು ನೋಡಿದ್ದೇನೆ.

ಎಚ್ಚರಿಕೆಯ ಗುರುತು: ಇವತ್ತು ತೆಗೆದ ಪ್ರತಿ ಯಾವ ಪ್ರಶ್ನೆಗೆ ಸಂಬಂಧಿಸಿದ್ದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಎರಡು ಮೂರು ದಿನ ಉತ್ತರ ಹೊಳೆಯದಿದ್ದರೆ ಹುಡುಕಾಟ ನಿಲ್ಲಿಸಿ ಪ್ರಶ್ನೆಯ ಹಾಳೆಗೆ ಮರಳಿ.

## ಹಂತ 2: ಟಿಪ್ಪಣಿಯ ವ್ಯವಸ್ಥೆ, ಹುಡುಕಾಟಕ್ಕೆ ಮೊದಲೇ

ಬಹಳಷ್ಟು ಪುಸ್ತಕಗಳು ಸೋಲುವುದು ಇಲ್ಲಿಯೇ. ಸಾಮಗ್ರಿ ಕೂಡಿದ ಮೇಲೆ ಒಪ್ಪ ಮಾಡೋಣ ಎಂದುಕೊಂಡರೆ ಆಮೇಲೆ ಒಪ್ಪ ಮಾಡಲು ಆಗುವುದೇ ಇಲ್ಲ.

ಬೇಕಾದ ಸಲಕರಣೆಗಳು ಹೆಚ್ಚೇನಿಲ್ಲ. ಒಂದು ದಪ್ಪ ನೋಟ್‌ಬುಕ್, ಪೆನ್ಸಿಲ್‌ಗಳು (ಹಳೆಯ ಸರ್ಕಾರಿ ಕಡತಗಳನ್ನು ಕಾಪಾಡುವ ಪತ್ರಾಗಾರಗಳ ಓದುಕೋಣೆಯಲ್ಲಿ ಶಾಯಿ ಪೆನ್ನಿಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ), ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್, ಧ್ವನಿ ಮುದ್ರಿಸಿಕೊಳ್ಳುವ ಸಾಧನ, ಆಕರಗಳ ಪಟ್ಟಿಗೆ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ. ಆಕರಗಳ ಪಟ್ಟಿ ಇಡುವ ಜೊಟೆರೋದಂಥ ಉಚಿತ ತಂತ್ರಾಂಶ ಬಳಸಲು ಬಂದರೆ ಇನ್ನೂ ಸಲೀಸು.

ನಿಯಮ ಒಂದೇ, ಆದರೆ ಅದರಲ್ಲಿ ರಿಯಾಯಿತಿ ಇಲ್ಲ: ವಿಳಾಸವಿಲ್ಲದ ಟಿಪ್ಪಣಿ ಬರೆಯಬೇಡಿ. ಪುಸ್ತಕವಾದರೆ ಲೇಖಕ, ಮುದ್ರಣದ ವರ್ಷ, ಆವೃತ್ತಿ, ಪುಟ. ಕಡತವಾದರೆ ಪತ್ರಾಗಾರದ ಹೆಸರು, ಇಲಾಖೆ, ವರ್ಷ, ಕಡತದ ಸಂಖ್ಯೆ, ಹಾಳೆ. ಮಾತಾದರೆ ಹೇಳಿದವರು, ದಿನಾಂಕ, ಸ್ಥಳ, ಧ್ವನಿಮುದ್ರಣದ ಎಷ್ಟನೇ ನಿಮಿಷ. ಈ ವಿಳಾಸವನ್ನು ಟಿಪ್ಪಣಿಗಿಂತ ಮೊದಲು ಬರೆಯಿರಿ. ಆಮೇಲೆ ಬರೆಯುತ್ತೇನೆ ಎಂದು ಬಿಟ್ಟ ಪುಟಸಂಖ್ಯೆಗಾಗಿ ಮತ್ತೊಮ್ಮೆ ಊರಿಂದ ಊರಿಗೆ ಬಸ್ ಹತ್ತಬೇಕಾಗುತ್ತದೆ.

ಮೂಲದ ಮಾತನ್ನು ಹಾಗೆಯೇ ಇಳಿಸಿಕೊಂಡರೆ ಉದ್ಧರಣ ಚಿಹ್ನೆ ಹಾಕಿ. ಸಾರಾಂಶವನ್ನು ಚಿಹ್ನೆಯಿಲ್ಲದೆ ಬರೆಯಿರಿ. ನಿಮ್ಮ ಊಹೆ, ಅನುಮಾನಗಳನ್ನು ಚೌಕದೊಳಗೆ ಹಾಕಿ. ಈ ಮೂರೂ ಬೆರೆತರೆ, ಎರಡು ವರ್ಷಗಳ ನಂತರ ಬೇರೆಯವರ ವಾಕ್ಯ ನಿಮ್ಮದೆಂದು ತೋರುತ್ತದೆ, ನಿಮ್ಮ ಊಹೆ ದಾಖಲೆಯೆಂದು ತೋರುತ್ತದೆ. ಕೃತಿಚೌರ್ಯದ ಆರೋಪಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ, ಕೆಟ್ಟ ಉದ್ದೇಶವೇನೂ ಇಲ್ಲದೆ.

ಫೋಟೋ ತೆಗೆಯುವಾಗ ಮೊದಲು ಪುಸ್ತಕದ ಮುಖಪುಟ ಅಥವಾ ಕಡತದ ಹೊರಹಾಳೆ, ಆಮೇಲೆ ಒಳಪುಟಗಳು. ಅದೇ ದಿನ ಸಂಜೆ ಪ್ರತಿ ಕಡತಕ್ಕೆ ಬೇರೆ ಫೋಲ್ಡರ್ ಮಾಡಿ ಹೆಸರಿಡಿ, ಇನ್ನೊಂದು ಕಡೆ ನಕಲು ಇಡಿ. ಟೈಪ್ ಮಾಡುವುದೆಲ್ಲ ಯೂನಿಕೋಡ್‌ನಲ್ಲೇ ಇರಲಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿಸಿದ ಕಡತಗಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ, ಆದರೆ ಅದರಲ್ಲಿ ಒಂದು ಹೆಸರನ್ನು ಹುಡುಕಲು ಹೋದರೆ ಸಿಗುವುದಿಲ್ಲ. ಡಿಟಿಪಿ ಮಾಡುವವರಿಗೆ ಮೊದಲೇ ಹೇಳಿಬಿಡಿ.

## ಹಂತ 3: ಹಿರಿಯರ ಬಳಿಗೆ ಮೊದಲ ಸುತ್ತು

ಮೊದಲು ಓದು, ಆಮೇಲೆ ಸಂದರ್ಶನ ಎಂಬುದು ಸಾಮಾನ್ಯ ಸಲಹೆ. ನಾನು ಒಪ್ಪುವುದಿಲ್ಲ. ಕಾಗದ ಕಾಯುತ್ತದೆ; ತೊಂಬತ್ತರ ಅಜ್ಜಿ ಕಾಯುವುದಿಲ್ಲ. ನಿಮಗೆ ಏನೂ ಗೊತ್ತಿಲ್ಲದಿರುವಾಗಲೇ ಒಂದು ಸುತ್ತು ಹೋಗಿ, ಅವರು ಹೇಳಿದ್ದನ್ನೆಲ್ಲ ಮುದ್ರಿಸಿಕೊಳ್ಳಿ. ದಾಖಲೆಗಳನ್ನು ಓದಿದ ಮೇಲೆ ಎರಡನೆಯ ಸುತ್ತು ಇದ್ದೇ ಇದೆ.

ಹೋಗುವ ಮುನ್ನ ಮನೆಯವರಿಗೆ ಹೇಳಿಕಳುಹಿಸಿ. ಮುದ್ರಿಸಿಕೊಳ್ಳಲು, ಪುಸ್ತಕದಲ್ಲಿ ಬಳಸಲು ಒಪ್ಪಿಗೆಯೇ ಎಂದು ಮುದ್ರಣದ ಆರಂಭದಲ್ಲಿಯೇ ಕೇಳಿ, ಅವರ ಉತ್ತರವೂ ಅದರಲ್ಲೇ ದಾಖಲಾಗಲಿ. ಫ್ಯಾನು, ಟಿವಿ, ಮಿಕ್ಸಿಗಳ ಸದ್ದಿನಿಂದ ದೂರ ಕುಳಿತುಕೊಳ್ಳಿ. ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಹಿರಿಯರನ್ನು ದಣಿಸಬೇಡಿ.

"ಆಗಿನ ಕಾಲ ಹೇಗಿತ್ತು ಅಜ್ಜ?" ಎಂದರೆ "ಚೆನ್ನಾಗಿತ್ತಪ್ಪ" ಎಂಬ ಉತ್ತರವೇ ಬರುವುದು. ವಸ್ತುಗಳನ್ನು ಕುರಿತು ಕೇಳಿ. ನಿಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು? ಮಳೆಗಾಲದಲ್ಲಿ ಬೆಂಕಿ ಹೇಗೆ ಕಾಯ್ದಿಡುತ್ತಿದ್ದಿರಿ? ಕೂಲಿಯನ್ನು ದುಡ್ಡಲ್ಲಿ ಕೊಡುತ್ತಿದ್ದರೋ ಕಾಳಲ್ಲೋ, ಅಳೆಯುತ್ತಿದ್ದದ್ದು ಯಾರು? ಅಳತೆಯ ಪ್ರಶ್ನೆಯಿಂದ ಊರಿನ ಅಧಿಕಾರವೆಲ್ಲ ಬಿಚ್ಚಿಕೊಳ್ಳುತ್ತದೆ. "ಆಗ ಜಾತಿ ಜಗಳ ಇರಲಿಲ್ಲ ಅಲ್ಲವೇ?" ಎಂಬಂಥ, ಉತ್ತರವನ್ನು ಒಳಗೇ ಇಟ್ಟುಕೊಂಡ ಪ್ರಶ್ನೆಗಳನ್ನು ಕೇಳಲೇಬೇಡಿ.

ಇಸವಿ ಕೇಳಬೇಡಿ, ಘಟನೆ ಕೇಳಿ. "ನಿಮ್ಮ ಮದುವೆ ಗಾಂಧೀಜಿ ತೀರಿಕೊಳ್ಳುವ ಮುಂಚೆಯೋ ಆಮೇಲೋ?" ಎಂದರೆ 1948ರ ಜನವರಿ ಒಂದು ಗೂಟವಾಗುತ್ತದೆ. ಹಿಂದಿನ ತಲೆಮಾರಿನಿಂದ ಕೇಳಿದ್ದನ್ನು ಹೇಳುವಾಗ 1918ರ ಇನ್‌ಫ್ಲುಯೆನ್ಜಾ, ಧಾತು-ಈಶ್ವರ ಸಂವತ್ಸರಗಳ ಬರ (1876–78) ಇಂಥ ಗೂಟಗಳು. ಆದರೆ ಮರುಕಳಿಸಿದ ಘಟನೆಗಳಲ್ಲಿ ಹುಷಾರಾಗಿರಿ. ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟದ್ದು 1898ರಲ್ಲಿ, ಆಮೇಲೂ ಅದು ಮತ್ತೆ ಮತ್ತೆ ಬಂತು. "ಪ್ಲೇಗಿನ ವರ್ಷ" ಎಂದರೆ ಯಾವುದು ಎಂದು ಊರಿನಿಂದ ಊರಿಗೆ ವಿಚಾರಿಸಬೇಕು. ಶರಾವತಿ ಕಣಿವೆಯಲ್ಲಿ "ಮುಳುಗಡೆ" ಎಂದರೆ 1964ರ ಲಿಂಗನಮಕ್ಕಿಯದೇ ಆಗಬೇಕಿಲ್ಲ, ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟಿನದೂ ಆಗಿರಬಹುದು.

ಜಗುಲಿಯ ಮೇಲೆ ಹತ್ತು ಜನ ಸೇರಿದರೆ ಊರ ಯಜಮಾನರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಅದನ್ನೂ ಮುದ್ರಿಸಿಕೊಳ್ಳಿ. ಆಮೇಲೆ ತಲೆಯಾಡಿಸಿದವರ ಮನೆಗಳಿಗೆ ಒಬ್ಬೊಬ್ಬರಾಗಿ ಹೋಗಿ. ದಲಿತ ಕೇರಿಯಲ್ಲಿ, ಅಲೆಮಾರಿಗಳ ಬಿಡಾರದಲ್ಲಿ, ಗಂಡಸರ ಮುಂದೆ ಬಾಯಿ ಬಿಡದ ಅಜ್ಜಿಯರ ಬಳಿ ಅದೇ ಘಟನೆಗೆ ಬೇರೆಯೇ ಕಥೆ ಇರುತ್ತದೆ. ಕೆರೆ ಕಟ್ಟಿಸಿದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಮಣ್ಣು ಹೊತ್ತವರ ಮನೆಯವರನ್ನು ಕೇಳದೆ ಕೆರೆಯ ಚರಿತ್ರೆ ಬರೆದರೆ ಅದು ಅರ್ಧ ಪುಸ್ತಕ. ಈ ವಿಷಯದಲ್ಲಿ ನಾನು ಪಟ್ಟು ಬಿಡುವುದಿಲ್ಲ.

## ಹಂತ 4: ಊರು ಯಾವ ವರ್ಷ ಯಾರ ಆಳ್ವಿಕೆಯಲ್ಲಿತ್ತು?

ಈ ಹಂತವನ್ನು ಬಿಟ್ಟು ನೇರ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಧಾರವಾಡ ಕಡೆಯ ಊರಿನ 1880ರ ಕಡತ ಬೆಂಗಳೂರಿನಲ್ಲಿ ಏಕೆ ಇರಬೇಕು? ಕಾಗದ ಉಳಿದಿರುವುದು ಆಳಿದವರ ಕಚೇರಿ ಇದ್ದಲ್ಲಿ. ಇಂದಿನ ರಾಜ್ಯ ಒಂದಾದದ್ದು 1956ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಆಡಳಿತದ ಪಟ್ಟಿಯನ್ನು ನಿಮ್ಮ ತಾಲ್ಲೂಕಿಗೆ ಸರಿಯಾಗಿ ತಯಾರಿಸಿಕೊಳ್ಳಿ.

ಹಳೆಯ ಮೈಸೂರು: 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರ ಆಳ್ವಿಕೆ, 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು, ಮತ್ತೆ ಒಡೆಯರು. ಇದರ ಕಡತಗಳಿಗೆ ಬೆಂಗಳೂರು, ಮೈಸೂರುಗಳ ಪತ್ರಾಗಾರಗಳೇ ಮೊದಲ ಬಾಗಿಲು.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆ: 1818ರವರೆಗೆ ಬಹುಪಾಲು ಪೇಶ್ವೆಗಳ, ಅವರ ಸರದಾರರ ಹಿಡಿತ, ಆಮೇಲೆ ಮುಂಬಯಿ ಪ್ರಾಂತ್ಯ. ಹಿಂದಿನವು ಪುಣೆಯ ಪೇಶ್ವೆ ದಫ್ತರದಲ್ಲಿ ಮೋಡಿ ಲಿಪಿಯ ಮರಾಠಿಯಲ್ಲಿವೆ, ನಂತರದವು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳು ಸಂಸ್ಥಾನಗಳಾಗಿದ್ದವು, ಅವುಗಳ ಲೆಕ್ಕ ಬೇರೆ.

ಬೀದರ್, ಕಲಬುರಗಿ, ರಾಯಚೂರು: ಹೈದರಾಬಾದಿನ ನಿಜಾಮರು. ಹೈದರಾಬಾದಿನ ಪತ್ರಾಗಾರದಲ್ಲಿ ಪರ್ಷಿಯನ್, ಉರ್ದು ಕಾಗದಗಳನ್ನು ಓದಬೇಕಾಗುತ್ತದೆ.

ದಕ್ಷಿಣ ಕನ್ನಡ, ಬಳ್ಳಾರಿ: ಮದರಾಸು ಪ್ರಾಂತ್ಯ. ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ದಕ್ಷಿಣ ಕನ್ನಡ 1956ರಲ್ಲಿ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಎಂಬುದನ್ನು ಆ ಕಡೆಯ ಲೇಖಕರೂ ಮರೆಯುತ್ತಾರೆ.

ಉತ್ತರ ಕನ್ನಡ: 1862ರವರೆಗೆ ಮದರಾಸು, ಆಮೇಲೆ ಮುಂಬಯಿ. ಹಾಗಾಗಿ ಕಾರವಾರದವರು ಎರಡೂ ನಗರಗಳಲ್ಲಿ ಹುಡುಕಬೇಕು. ಕೊಡಗು 1834ರಲ್ಲಿ ಬ್ರಿಟಿಷರ ವಶವಾಗಿ, 1956ರವರೆಗೆ ಪ್ರತ್ಯೇಕವಾಗಿಯೇ ಉಳಿಯಿತು.

ಕರಾವಳಿಯ, ಧಾರವಾಡದ ಕಡೆಯ ಬಾಸೆಲ್ ಮಿಷನ್ (ಕ್ರೈಸ್ತ ಮಿಷನರಿ ಸಂಸ್ಥೆ) ಸಂಬಂಧದ ವಿಷಯಗಳಿಗೆ ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಸಂಗ್ರಹಗಳಿವೆ. ಬಾಸೆಲ್‌ನ ಹಳೆಯ ಫೋಟೋಗಳು ಅಂತರ್ಜಾಲದಲ್ಲೇ ನೋಡಲು ಸಿಗುತ್ತವೆ.

## ಹಂತ 5: ಅಚ್ಚಾದದ್ದನ್ನು ಮೊದಲು ಮುಗಿಸಿ

ಕೈಬರಹದ ಕಡತ ಕೈಗೆತ್ತಿಕೊಳ್ಳುವ ಆಸೆ ಎಲ್ಲರಿಗೂ. ಆದರೆ ಅದರಲ್ಲಿರುವುದು ಆಗಲೇ ಅಚ್ಚಾಗಿದ್ದರೆ? ಈ ಕ್ರಮದಲ್ಲಿ ನೋಡಿ.

1. ಗೆಜೆಟಿಯರುಗಳು, ಅಂದರೆ ಒಂದು ಸೀಮೆಯ ನೆಲ, ಜನ, ಚರಿತ್ರೆ, ಆಡಳಿತಗಳ ವಿವರವಿರುವ ಗ್ರಂಥಗಳು. ಮೈಸೂರಿಗೆ ಬಿ. ಎಲ್. ರೈಸ್ ಅವರದು, ಆಮೇಲೆ ಸಿ. ಹಯವದನರಾಯರದು. ಮುಂಬಯಿ ಪ್ರಾಂತ್ಯದ ಕೆನರಾ (ಉತ್ತರ ಕನ್ನಡ) ಸಂಪುಟ 1883ರದು, ಧಾರವಾಡ, ಬೆಳಗಾವಿ, ವಿಜಯಪುರದವು 1884ರವು. ನಂತರ ರಾಜ್ಯ ಸರ್ಕಾರದ ಜಿಲ್ಲಾ ಗೆಜೆಟಿಯರುಗಳು.
2. ಶಾಸನ ಸಂಪುಟಗಳು. ಹಳೆಯ ಮೈಸೂರು, ಕೊಡಗಿಗೆ ಎಪಿಗ್ರಾಫಿಯಾ ಕರ್ನಾಟಿಕಾ. ಮುಂಬಯಿ, ಮದರಾಸು ಭಾಗಗಳಿಗೆ ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್. ರೈಸ್ ಅವರ ಮೂಲ ಸಂಪುಟಗಳಿಗೂ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಿಗೂ ಸಂಪುಟಸಂಖ್ಯೆ, ಶಾಸನಸಂಖ್ಯೆ ಹೊಂದುವುದಿಲ್ಲ. ಯಾವ ಆವೃತ್ತಿ ಎಂದು ಬರೆಯದ ಉಲ್ಲೇಖ ಕೆಲಸಕ್ಕೆ ಬಾರದು.
3. ಪ್ರವಾಸ ಕಥನ, ಕೈಫಿಯತ್ತು (ಊರಿನವರು ಹೇಳಿ ಬರೆಸಿದ ಸ್ಥಳವೃತ್ತಾಂತ). ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು, ಕೆನರಾಗಳನ್ನು ಸುತ್ತಿ ಬೆಳೆ, ಗೇಣಿ, ನೇಯ್ಗೆ, ಕಬ್ಬಿಣದ ಕುಲುಮೆಗಳನ್ನೆಲ್ಲ ಬರೆದಿಟ್ಟ. ಬ್ರಿಟಿಷ್ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿಯ ಜನ ಊರೂರಿನಲ್ಲಿ ಬರೆಸಿಕೊಂಡ ಕೈಫಿಯತ್ತುಗಳು ಅದೇ ಸುಮಾರಿನವು. ಕೈಫಿಯತ್ತಿನಲ್ಲಿ ಐತಿಹ್ಯ, ಹಕ್ಕುಸಾಧನೆ, ನಡೆದ ಸಂಗತಿ ಎಲ್ಲವೂ ಕಲೆತಿರುತ್ತವೆ. ಬರೆಸಿದವರಿಗೆ ತಮ್ಮ ಉಂಬಳಿ (ಸರ್ಕಾರ ಬಿಟ್ಟುಕೊಟ್ಟ ಜಮೀನು) ಉಳಿಸಿಕೊಳ್ಳುವ ಕಾಳಜಿಯೂ ಇದ್ದಿರಬಹುದು ಎಂದು ನೆನಪಿಟ್ಟು ಓದಿ.
4. ಜನಗಣತಿ. ಮೈಸೂರಿನಲ್ಲಿ 1871ರಿಂದ ಇದೆ. 1951ರ ನಂತರದ ಜಿಲ್ಲಾ ಕೈಪಿಡಿಗಳಲ್ಲಿ ಹಳ್ಳಿವಾರು ಅಂಕಿಗಳು ದೊರೆಯುತ್ತವೆ.
5. ಪತ್ರಿಕೆಗಳು, ಸ್ಥಳೀಯ ಸಂಚಿಕೆಗಳು. ಶಾಲೆಯ ಶತಮಾನೋತ್ಸವದ ನೆನಪಿನ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ ಇಂಥವು ದೊಡ್ಡ ಗ್ರಂಥಾಲಯದಲ್ಲಿ ಇರುವುದಿಲ್ಲ. ಊರಿನ ನಿವೃತ್ತ ಮೇಷ್ಟರ ಅಟ್ಟದ ಮೇಲೆ ಇರುತ್ತವೆ.

ಹಳೆಯ ಪುಸ್ತಕಗಳಲ್ಲಿ ಎಷ್ಟೋ ಇಂಟರ್ನೆಟ್ ಆರ್ಕೈವ್‌ನಲ್ಲಿ, ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿ ಕೆಲವು ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಲಭ್ಯ. ಅಲ್ಲಿ ಹುಡುಕುವವರು ಎಡವುವುದು ಕಾಗುಣಿತದಲ್ಲಿ. ಬ್ರಿಟಿಷರು ಚಿತ್ರದುರ್ಗವನ್ನು ಚಿತಲ್‌ಡ್ರೂಗ್ ಎಂದೂ ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಎಂದೂ ಮಡಿಕೇರಿಯನ್ನು ಮರ್ಕೆರಾ ಎಂದೂ ಬಿದನೂರನ್ನು ಬೆಡ್ನೋರ್ ಎಂದೂ ಬರೆದರು. ಇನ್ನು ಕೆಲವು ಊರುಗಳ ಹೆಸರೇ ಬೇರೆ: ರಾಮನಗರ ಆಗ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಕುಶಾಲನಗರ ಫ್ರೇಸರ್‌ಪೇಟೆ. ನಿಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆದಿರಬಹುದೋ ಅಷ್ಟನ್ನೂ ಪಟ್ಟಿ ಮಾಡಿ, ಒಂದೊಂದಾಗಿ ಹುಡುಕಿ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳಲ್ಲಿ ಪದಹುಡುಕಾಟವನ್ನು ನಂಬಬೇಡಿ. ಪರಿವಿಡಿ ನೋಡಿ ಪುಟ ತಿರುಗಿಸುವುದೇ ದಾರಿ.

## ಹಂತ 6: ಪತ್ರಾಗಾರ ಮತ್ತು ಊರಿನ ದಫ್ತರಗಳು

ಹೋಗುವ ಮುನ್ನ ಫೋನ್ ಮಾಡಿ ಓದುಕೋಣೆಯ ವೇಳೆ, ರಜೆ, ಫೋಟೋ ಅಥವಾ ಪ್ರತಿಯ ಶುಲ್ಕ ವಿಚಾರಿಸಿ. ಗುರುತಿನ ಚೀಟಿ, ಪುಸ್ತಕದ ಉದ್ದೇಶ ತಿಳಿಸುವ ಅರ್ಜಿ, ಸಾಧ್ಯವಾದರೆ ಪ್ರಕಾಶಕರದೋ ಪ್ರಾಧ್ಯಾಪಕರದೋ ಪರಿಚಯಪತ್ರ ಒಯ್ಯಿರಿ.

ಮೊದಲ ದಿನವನ್ನು ಕಡತಗಳ ಸೂಚಿಗೇ (ಪಟ್ಟಿಗೇ) ಮೀಸಲಿಡಿ. ಸೂಚಿಯಲ್ಲಿ ನಿಮ್ಮ ಊರಿನ ಹೆಸರು ಇಲ್ಲವೆಂದು ಎದ್ದು ಬರಬೇಡಿ. ಕಡತಗಳು ಊರಿನ ಹೆಸರಿನಲ್ಲಿ ಇರುವುದಿಲ್ಲ, ಇಲಾಖೆಯ ಹೆಸರಿನಲ್ಲಿ ಇರುತ್ತವೆ. ಕೆರೆಯ ವಿಷಯ ಲೋಕೋಪಯೋಗಿಯಲ್ಲಿರಬಹುದು, ದೇವಸ್ಥಾನದ್ದು ಮುಜರಾಯಿಯಲ್ಲಿ, ಜಾತ್ರೆಯದು ಪೊಲೀಸಿನಲ್ಲೋ ಆರೋಗ್ಯ ಇಲಾಖೆಯಲ್ಲೋ. ಜಾತ್ರೆಗೆ ಕಾಲರಾ ಸೇರಿಕೊಂಡ ವರ್ಷಗಳ ವರದಿಗಳಲ್ಲಿ ಜನ ಎಲ್ಲಿಂದ ಬರುತ್ತಿದ್ದರು, ಎಲ್ಲಿ ಇಳಿದುಕೊಳ್ಳುತ್ತಿದ್ದರು, ಯಾವ ಬಾವಿಯ ನೀರು ಕುಡಿಯುತ್ತಿದ್ದರು ಎಂಬ ವಿವರ ಸಿಗುವುದುಂಟು. ಕಾದಂಬರಿಕಾರರಿಗೆ ಅದಕ್ಕಿಂತ ಒಳ್ಳೆಯ ಆಕರ ಬೇಕೇ?

ಕಡತ ಬಂದ ಮೇಲೆ ಕೊನೆಯ ಆದೇಶವನ್ನು ಮಾತ್ರ ಓದಿ ಮುಚ್ಚಬೇಡಿ. ಅರ್ಜಿ, ತಕರಾರು, ಕೆಳಗಿನ ಅಧಿಕಾರಿಯ ಟಿಪ್ಪಣಿಗಳಲ್ಲಿ ಊರಿನ ದನಿ ಇರುತ್ತದೆ. ಆದೇಶದಲ್ಲಿ ಸರ್ಕಾರದ್ದು ಮಾತ್ರ.

ತಾಲ್ಲೂಕು ಮಟ್ಟದಲ್ಲಿ ನೋಡಬೇಕಾದವು: ರೆಕಾರ್ಡ್ ರೂಮಿನ ಹಳೆಯ ಪಹಣಿ, ಸರ್ವೆ ದಾಖಲೆ, ಗ್ರಾಮನಕ್ಷೆ, ಉಪನೋಂದಣಿ ಕಚೇರಿಯ ಕ್ರಯಪತ್ರ, ಹಳೆಯ ಶಾಲೆಯ ದಾಖಲಾತಿ ಪುಸ್ತಕ, ಚರ್ಚಿನ ಜ್ಞಾನಸ್ನಾನದ ಪುಸ್ತಕ. ಲೇಖಕರು ಹೆಚ್ಚಾಗಿ ಮರೆಯುವುದು ಭೂ ನ್ಯಾಯಮಂಡಳಿಯ ಕಡತಗಳನ್ನು. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾವು ಎಷ್ಟು ವರ್ಷದಿಂದ ಯಾರ ಜಮೀನು ಉಳುತ್ತಿದ್ದೇವೆ ಎಂದು ಹೇಳಿಕೆ ಕೊಟ್ಟರು. ಬರೆಯಲು ಬಾರದ ಉಳುವವನ ಮಾತು ಕಾಗದಕ್ಕೆ ಇಳಿದ ಅಪರೂಪದ ಜಾಗ ಅದು. ಕಚೇರಿಯಲ್ಲಿ ಬಾಯಿಮಾತಿಗೆ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ವರ್ಷ, ಗ್ರಾಮ, ಸರ್ವೆ ನಂಬರ್ ನಮೂದಿಸಿ ಕೇಳಿದರೆ ಫಲ ಹೆಚ್ಚು.

ಇನ್ನು ಮನೆಗಳು. ವಂಶಪಾರಂಪರ್ಯದ ಶಾನುಭೋಗ, ಪಟೇಲ, ಕುಲಕರ್ಣಿಕೆಗಳು 1961ರ ಕಾಯ್ದೆಯಿಂದ ರದ್ದಾದವು. ಆ ಮನೆಗಳ ಪೆಟ್ಟಿಗೆಗಳಲ್ಲಿ ಕಪ್ಪು ಕಡತ (ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ), ಸನ್ನದು (ಹಕ್ಕಿನ ಆದೇಶಪತ್ರ), ಲೆಕ್ಕದ ಪುಸ್ತಕಗಳು ಉಳಿದಿರುವುದುಂಟು. ಕೇಳಿ ನೋಡಿ, ಅಲ್ಲಿಯೇ ಕುಳಿತು ಫೋಟೋ ತೆಗೆಯಿರಿ, ಮನೆಗೆ ಒಯ್ಯಬೇಡಿ. ಹಳೆಯ ಕಾಗದವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಅಂಟಿಸಬೇಡಿ. ತಾಳೆಗರಿಗೆ ಕೈಗೆ ಸಿಕ್ಕಿದ ಎಣ್ಣೆ ಹಚ್ಚಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತಿಳಿದವರನ್ನು ಕೇಳಿ. ಮೋಡಿ, ತಿಗಳಾರಿ ಲಿಪಿಗಳನ್ನು, ಪರ್ಷಿಯನ್ ಭಾಷೆಯನ್ನು ಓದಬಲ್ಲವರ ಸಹಾಯ ಪಡೆದರೆ ತಕ್ಕ ಸಂಭಾವನೆ ಕೊಡಿ, ಪುಸ್ತಕದಲ್ಲಿ ಹೆಸರನ್ನೂ ಹಾಕಿ.

## ಹಂತ 7: ಕಾಲ, ಅಳತೆ, ಹಣವನ್ನು ಒಂದು ಲೆಕ್ಕಕ್ಕೆ ತನ್ನಿ

ಶಾಲಿವಾಹನ ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ. ಆದರೆ ಶಕ ವರ್ಷ ಚೈತ್ರದಿಂದ ಶುರು. ಪುಷ್ಯದ ಕೊನೆ, ಮಾಘ, ಫಾಲ್ಗುಣಗಳಲ್ಲಿ 79 ಕೂಡಿಸಬೇಕು. ಸಂವತ್ಸರದ ಹೆಸರನ್ನು ಸೇರಿಸಿ ತಾಳೆ ನೋಡಿ: ಶಕ 1720 ಎಂದರೆ 1798–99, ಅದು ಕಾಳಯುಕ್ತಿ. ದಾಖಲೆಯಲ್ಲಿ ಶಕ ಒಂದು, ಸಂವತ್ಸರ ಇನ್ನೊಂದು ಬರೆದಿದ್ದರೆ ಓದುವಾಗ ಅಂಕಿ ತಪ್ಪಿದೆ, ನಕಲು ಮಾಡಿದವರು ತಪ್ಪಿದ್ದಾರೆ ಅಥವಾ ದಾಖಲೆಯೇ ಖೋಟಾ. ಬರೀ ಸಂವತ್ಸರವಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ ಎಂಬುದನ್ನು ಮರೆಯಬೇಡಿ. ಕಂದಾಯದ ಫಸಲಿ ವರ್ಷಕ್ಕೆ ಸಾಮಾನ್ಯವಾಗಿ 590 ಕೂಡಿಸುತ್ತಾರೆ. ಹಿಜರಿ ಚಾಂದ್ರ ವರ್ಷವಾದ್ದರಿಂದ ಕೂಡಿಸುವ ಲೆಕ್ಕ ನಡೆಯುವುದಿಲ್ಲ, ಕೋಷ್ಟಕವನ್ನೇ ನೋಡಬೇಕು.

ನಯೆ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಸೇರು, ಕೊಳಗ, ಖಂಡುಗ, ಪಲ್ಲಗಳ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆ. ಅವುಗಳನ್ನು ಕಿಲೋಗೆ ತಿರುಗಿಸುವ ಗೋಜಿಗೆ ಹೋಗದೆ ಮೂಲದಲ್ಲಿದ್ದಂತೆ ಕೊಟ್ಟು, ಆ ಸೀಮೆಯ ಲೆಕ್ಕವನ್ನು ಒಮ್ಮೆ ವಿವರಿಸಿದರೆ ಸಾಕು.

## ಹಂತ 8: ಒಂದನ್ನೊಂದು ಎದುರಿಗಿಟ್ಟು ನೋಡಿ

ಒಂದು ಸಂಗತಿಗೆ ಎರಡು ಸ್ವತಂತ್ರ ಆಕರಗಳು ಬೇಕು. ಸ್ವತಂತ್ರ ಎಂಬುದನ್ನು ಒತ್ತಿ ಹೇಳುತ್ತೇನೆ. ಮೂರು ಪುಸ್ತಕಗಳಲ್ಲಿ ಒಂದೇ ಮಾತಿದ್ದರೆ ಮೂರೂ ಒಂದೇ ಗೆಜೆಟಿಯರಿನಿಂದ ಎತ್ತಿಕೊಂಡಿರಬಹುದು. ಒಂದೇ ಬಗೆಯ ತಪ್ಪು, ಒಂದೇ ಬಗೆಯ ಪದಜೋಡಣೆ ಕಂಡರೆ ಹಾಗೇ ಎಂದು ತಿಳಿಯಿರಿ. ಊರಿನ ಹಿರಿಯರು ಹೇಳಿದ ಕಥೆಯೂ ಹಳೆಯ ನೆನಪಿನ ಸಂಚಿಕೆಯಲ್ಲಿ ಓದಿದ್ದಾಗಿರಬಹುದು. "ಇದು ನಿಮಗೆ ಯಾರು ಹೇಳಿದರು?" ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ.

ವಿರೋಧಗಳು ಎದುರಾದಾಗ ಒಂದನ್ನು ಆರಿಸಿ ಇನ್ನೊಂದನ್ನು ಅಡಗಿಸಿಡಬೇಡಿ. ಎಡಕ್ಕೆ ಒಂದು ಹೇಳಿಕೆ, ಬಲಕ್ಕೆ ಇನ್ನೊಂದು, ಕೆಳಗೆ ಯಾರು ಯಾವಾಗ ಯಾಕೆ ಹೇಳಿದರು ಎಂದು ಬರೆಯಿರಿ. ದಾನಶಾಸನದಲ್ಲಿ ದಾನಿ ಹೇಳಬಯಸಿದ್ದಿರುತ್ತದೆ, ಕಲೆಕ್ಟರನ ವರದಿಯಲ್ಲಿ ಅವನ ಸಿರಸ್ತೇದಾರ ಹೇಳಿಕೊಟ್ಟದ್ದಿರುತ್ತದೆ. ಈಗ ಹಿರಿಯರ ಬಳಿಗೆ ಎರಡನೆಯ ಸುತ್ತು ಹೋಗಿ. ಕಡತದಲ್ಲಿ ಸಿಕ್ಕ ಹೆಸರುಗಳನ್ನು ಓದಿ ಹೇಳಿದರೆ ಮೊದಲ ಸಲ ಬಾರದ ನೆನಪುಗಳು ಎದ್ದು ಬರುತ್ತವೆ.

## ಹಂತ 9: ಕಾದಂಬರಿಕಾರರಿಗೆ ದಿನಚರಿಯ ತಪಾಸಣೆ

ರಾಜರ ಹೆಸರು, ಯುದ್ಧದ ಇಸವಿಗಳಲ್ಲಿ ಲೇಖಕರು ಎಡವುವುದು ಕಡಿಮೆ. ಎಡವುವುದು ಅಡುಗೆಮನೆಯಲ್ಲಿ, ದಾರಿಯಲ್ಲಿ, ರಾತ್ರಿಯ ಬೆಳಕಿನಲ್ಲಿ.

ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ, ನೆಲಗಡಲೆ, ಹೊಗೆಸೊಪ್ಪುಗಳೆಲ್ಲ ಅಮೆರಿಕ ಖಂಡದ ಮೂಲದವು. ಪೋರ್ಚುಗೀಸರು ಇಲ್ಲಿಗೆ ಬರುವ ಮುಂಚಿನ ಕಥೆಯಲ್ಲಿ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳಿಗೆ ಎಷ್ಟೋ ದಶಕ ತಡವಾಗಿ. ನಿಮ್ಮ ಹಳ್ಳಿಗೆ ಕರೆಂಟು ಬಂದ ವರ್ಷವನ್ನು ಹಿರಿಯರನ್ನೇ ಕೇಳಿ. ಎತ್ತಿನ ಗಾಡಿ ಗಂಟೆಗೆ ನಾಲ್ಕು ಕಿಲೋಮೀಟರು ಆಸುಪಾಸು ಸಾಗುತ್ತದೆ. ಬೆಳಿಗ್ಗೆ ಹೊರಟ ನಿಮ್ಮ ಪಾತ್ರ ಸಂಜೆಗೆ ಎಲ್ಲಿ ತಂಗಬೇಕು ಎಂದು ನಕ್ಷೆಯ ಮೇಲೆ ಗುರುತು ಹಾಕಿ. ತಿಥಿ ಹೇಳಿದ ಮೇಲೆ ಚಂದ್ರನನ್ನೂ ಲೆಕ್ಕ ಹಾಕಿ. ಬಹುಳ ದ್ವಾದಶಿಯ ಮುಸ್ಸಂಜೆಗೆ ಬೆಳದಿಂಗಳು ಬರುವುದಿಲ್ಲ.

ಮಾತಿಗೂ ಇದೇ ಎಚ್ಚರ ಬೇಕು. ಕಾಲಕ್ಕೆ ಹೊಂದುವ ಪದ ಬೇಕಾದಾಗ 1894ರ ಕಿಟ್ಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟುಗಳು ಪಕ್ಕದಲ್ಲಿರಲಿ.

## ಹಂತ 10: ಹುಡುಕುತ್ತಲೇ ಬರೆಯಲು ಕೂರಿ

ಎಲ್ಲ ಸಿಕ್ಕ ಮೇಲೆ ಬರೆಯುತ್ತೇನೆ ಎಂದರೆ ಪುಸ್ತಕ ಬರುವುದಿಲ್ಲ. ಹಂತ 1ರ ಹಾಳೆಯಲ್ಲಿ ಮೇಲೆ ಇಟ್ಟ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಸಿಕ್ಕ ಕೂಡಲೇ ಒಂದು ಅಧ್ಯಾಯ ಬರೆಯಿರಿ. ಗೊತ್ತಿಲ್ಲದ ಜಾಗದಲ್ಲಿ "ನೋಡಬೇಕು" ಎಂದು ಕೆಂಪಕ್ಷರದಲ್ಲಿ ಬರೆದು ಮುಂದೆ ಸಾಗಿ. ನಿಜವಾಗಿ ಏನು ಬೇಕೆಂದು ತಿಳಿಯುವುದು ಆ ಕೆಂಪು ಗುರುತುಗಳಿಂದ. ಹೊಸ ಕಡತಗಳಲ್ಲಿ ಹಳೆಯ ಹೆಸರುಗಳೇ ಮತ್ತೆ ಮತ್ತೆ ಬರುತ್ತಿವೆ, ಮುಂದೇನು ಬರುತ್ತದೆಂದು ಊಹಿಸಬಲ್ಲಿರಿ ಎಂದಾದರೆ ಆ ಪ್ರಶ್ನೆಯ ಹುಡುಕಾಟ ಮುಗಿಯಿತು.

## ಹಂತ 11: ಅಚ್ಚಿಗೆ ಹೋಗುವ ಮುನ್ನ

ಹಸ್ತಪ್ರತಿಯ ಪ್ರತಿ ಇಸವಿ, ಹೆಸರು, ಅಂಕಿಯ ಕೆಳಗೆ ಗೆರೆ ಎಳೆಯಿರಿ. ಪ್ರತಿಯೊಂದನ್ನೂ ಟಿಪ್ಪಣಿಯ ವಿಳಾಸದ ಜತೆ ತಾಳೆ ನೋಡಿ. ವಿಳಾಸ ಸಿಗದಿದ್ದದ್ದನ್ನು ತೆಗೆದುಹಾಕಿ, ಎಷ್ಟೇ ಚೆಂದವಾಗಿದ್ದರೂ.

ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕುಸ್ವಾಮ್ಯ ಲೇಖಕರ ನಿಧನಾನಂತರ 60 ವರ್ಷ ಉಳಿಯುತ್ತದೆ, ಫೋಟೋಗಳದ್ದು ಪ್ರಕಟವಾದ ನಂತರ 60 ವರ್ಷ. ಉದ್ದನೆಯ ಉದ್ಧರಣೆ, ಚಿತ್ರಗಳಿಗೆ ಲಿಖಿತ ಒಪ್ಪಿಗೆ ತರಿಸಿಕೊಳ್ಳಿ, ಪತ್ರಾಗಾರದ ಪ್ರತಿಗಳನ್ನು ಅಚ್ಚುಮಾಡಲು ಅವರ ನಿಯಮ ಕೇಳಿ. ಬದುಕಿರುವವರ ಜಗಳ, ಸಾಲ, ಸಂಬಂಧಗಳು ಪುಸ್ತಕದಲ್ಲಿದ್ದರೆ ಆ ಪುಟಗಳನ್ನು ಪ್ರಕಾಶಕರ ಮೂಲಕ ವಕೀಲರಿಗೆ ತೋರಿಸಿ.

ಮಾತು ಕೊಟ್ಟ ಹಿರಿಯರಿಗೆ ಅವರ ಭಾಗವನ್ನು ಓದಿ ಹೇಳಿ. ಓದಲು ಬಾರದವರಿಗೆ ಮನೆಗೆ ಹೋಗಿ, ಎದುರು ಕುಳಿತು ಓದಿ. ತಿದ್ದುಪಡಿ ಹೇಳಿದರೆ ದಿನಾಂಕ ಹಾಕಿ ಬರೆದುಕೊಳ್ಳಿ, ಹೆಸರು ಬೇಡವೆಂದರೆ ತೆಗೆಯಿರಿ. ಕೊನೆಗೆ, ಧ್ವನಿಮುದ್ರಣಗಳ ಒಂದು ನಕಲನ್ನು ಅವರ ಮನೆಯವರಿಗೂ, ಅವರು ಒಪ್ಪಿದರೆ ಇನ್ನೊಂದನ್ನು ಹತ್ತಿರದ ವಿಶ್ವವಿದ್ಯಾನಿಲಯದ ಕನ್ನಡ ಅಥವಾ ಇತಿಹಾಸ ವಿಭಾಗಕ್ಕೂ, ಯಾರು ಯಾವಾಗ ಎಲ್ಲಿ ಮಾತಾಡಿದರು ಎಂಬ ಪಟ್ಟಿಯ ಸಮೇತ ಕೊಡಿ.